ಬರೆದ ಕೈ, ಬಿಟ್ಟುಕೊಟ್ಟ ಕೈ: ಯುವ ಬರಹಗಾರರಿಗೊಂದು ಪತ್ರ

ಪ್ರೀತಿಯ ಗೆಳೆಯರೆ,

ನಮಸ್ಕಾರ. ಸಿಡ್ನಿಯ ಪ್ಯಾರಮಟ್ಟಾದಿಂದ ನೀವು ಕಳಿಸಿದ ನೀಳ್ಗತೆಯ ಹಸ್ತಪ್ರತಿ ಕೈಸೇರಿ ಮೂರು ವಾರವಾಯಿತು. ಒಮ್ಮೆ ಓದಿ, ಮೆಚ್ಚುಗೆಯ ನಾಲ್ಕು ಸಾಲು ಗೀಚಿ ಕಳಿಸಿಬಿಡುವುದು ಸುಲಭವಿತ್ತು. ಆದರೆ ನೀವು ಎತ್ತಿಕೊಂಡಿರುವ ವಸ್ತು ನನ್ನನ್ನು ಅಷ್ಟು ಸುಲಭಕ್ಕೆ ಬಿಡಲಿಲ್ಲ. ಇನ್ನೂರು ವರ್ಷಗಳ ಹಿಂದೆ ನ್ಯೂ ಸೌತ್ ವೇಲ್ಸ್ ಎಂಬ ಬ್ರಿಟಿಷರ ಕೈದಿ ವಸಾಹತಿನಲ್ಲಿ ಗವರ್ನರ್ ಲಾಕ್ಲನ್ ಮಕ್ವಾರಿಯ ಕಾರ್ಯದರ್ಶಿಯಾಗಿದ್ದ ಜಾನ್ ಥಾಮಸ್ ಕ್ಯಾಂಬೆಲ್, ಒಬ್ಬ ಪಾದ್ರಿಯ ಮೇಲೆ ಗುಪ್ತನಾಮದಲ್ಲಿ ಪತ್ರ ಬರೆದು ಕಟಕಟೆ ಹತ್ತಿದ ಪ್ರಸಂಗವನ್ನು ಕನ್ನಡದಲ್ಲಿ ಯಾರಾದರೂ ಕತೆ ಮಾಡುತ್ತಾರೆಂದು ನಾನು ಎಣಿಸಿರಲಿಲ್ಲ. ದಿನಾ ಕೆಲಸಕ್ಕೆ ಹೋಗುವಾಗ ಹಳೆಯ ಗವರ್ನರ್ ಬಂಗಲೆಯನ್ನೂ ಸೇಂಟ್ ಜಾನ್ಸ್ ಚರ್ಚಿನ ಜೋಡಿ ಗೋಪುರಗಳನ್ನೂ ದಾಟಿ ಹೋಗುವ ನಿಮಗೆ ಈ ವಸ್ತು ಹೊಳೆದದ್ದು ಸಹಜವೇ ಇರಬಹುದು.

ಮೊದಲು ನನ್ನ ತಕರಾರನ್ನು ಹೇಳಿಬಿಡುತ್ತೇನೆ. ನಿಮ್ಮ ಕತೆಯಲ್ಲಿ ಕ್ಯಾಂಬೆಲ್ ನಿರ್ಭೀತ ಲೇಖಕ, ಪಾದ್ರಿ ಸ್ಯಾಮ್ಯುಯೆಲ್ ಮಾರ್ಸ್‌ಡನ್ ಕಪಟಿ, ನ್ಯಾಯಾಲಯವು ಬಲಾಢ್ಯರ ಕೈಗೊಂಬೆ. ಕೊನೆಯ ಪುಟದಲ್ಲಿ ನ್ಯಾಯಾಧೀಶರು ಇನ್ನೂರು ಪೌಂಡು ಪರಿಹಾರ ಕೊಡಬೇಕೆಂದು ತೀರ್ಪು ಓದುತ್ತಾರೆ, ಕ್ಯಾಂಬೆಲ್ ತಲೆ ಎತ್ತಿಕೊಂಡು ಹೊರಬರುತ್ತಾನೆ, ಬಂದರಿನ ಮೇಲೆ ಬಿಸಿಲು ಬೀಳುತ್ತದೆ. ಕತೆ ಎಲ್ಲಿಯೂ ಮುಗ್ಗರಿಸದೆ ಓಡುತ್ತದೆ, ನಿಜ. ಹಾಗೆ ಓಡುವುದೇ ನನಗೆ ಅನುಮಾನ ಹುಟ್ಟಿಸಿತು. ಸತ್ಯಕ್ಕಾಗಿ ಪೆಟ್ಟು ತಿಂದ ಲೇಖಕನೆಂದು ನೀವು ಒಬ್ಬನನ್ನು ಕಡೆದು ನಿಲ್ಲಿಸಿದ್ದೀರಿ. ದಾಖಲೆಗಳಲ್ಲಿ ನನಗೆ ಕಾಣುವ ಮನುಷ್ಯನು ಬೇರೆಯವನು.

ಆ ಊರಿನಲ್ಲಿ ಆಗ ಇದ್ದದ್ದು ಒಂದೇ ಪತ್ರಿಕೆ, ಸಿಡ್ನಿ ಗೆಜೆಟ್. 1803ರ ಮಾರ್ಚ್‌ನಲ್ಲಿ ಶುರುವಾದ ಈ ಪತ್ರಿಕೆಯ ನೆತ್ತಿಯ ಮೇಲೆ 'ಅಧಿಕಾರದ ಮೇರೆಗೆ ಪ್ರಕಟಿತ' ಎಂಬರ್ಥದ ಸಾಲು ಇರುತ್ತಿತ್ತು. ಅಚ್ಚು ಹಾಕುತ್ತಿದ್ದವನು ಜಾರ್ಜ್ ಹೋವ್. ವೆಸ್ಟ್ ಇಂಡೀಸ್‌ನ ಸೇಂಟ್ ಕಿಟ್ಸ್ ದ್ವೀಪದಲ್ಲಿ ಹುಟ್ಟಿ, ಇಂಗ್ಲೆಂಡಿನ ಅಂಗಡಿಯೊಂದರಲ್ಲಿ ಕದ್ದ ಆರೋಪದ ಮೇಲೆ ಗಡೀಪಾರಾಗಿ ಬಂದ ಮುದ್ರಕ. ಪತ್ರಿಕೆಯಲ್ಲಿ ಬರುವ ಪ್ರತಿಯೊಂದು ಸಾಲೂ ಅಚ್ಚಾಗುವ ಮೊದಲು ಗವರ್ನರ್‌ನ ಕಾರ್ಯದರ್ಶಿಯ ಮೇಜಿಗೆ ಹೋಗಬೇಕು, ಅವನು ಒಪ್ಪಬೇಕು, ಆಮೇಲೆ ಹೋವ್ ಅಚ್ಚಿನ ಮೊಳೆ ಜೋಡಿಸಬೇಕು. ಅಂದರೆ ಕ್ಯಾಂಬೆಲ್ ಆ ವಸಾಹತಿನ ಸೆನ್ಸಾರ್ ಅಧಿಕಾರಿ. 1817ರ ಜನವರಿ 4ರ ಶನಿವಾರ 'ಫೈಲೋ ಫ್ರೀ' ಎಂಬ ಸಹಿಯ ಪತ್ರ ಗೆಜೆಟ್‌ನಲ್ಲಿ ಬಂದಾಗ, ಅದನ್ನು ಬರೆದವನೂ ಅದನ್ನು ಪರಿಶೀಲಿಸಿ ಅಚ್ಚಿಗೆ ಬಿಟ್ಟವನೂ ಒಬ್ಬನೇ ಆಗಿದ್ದ. ಬೇಲಿಯೇ ಎದ್ದು ಹೊಲ ಮೇಯುವುದೆಂದರೆ ಇದೇ. ನಿಮ್ಮ ಕತೆಯಲ್ಲಿ ಈ ಸಂಗತಿ ಒಂದು ಅಧೀನ ವಾಕ್ಯದಲ್ಲಿ, ಅದೂ ಹನ್ನೊಂದನೆಯ ಪುಟದಲ್ಲಿ, ಹಾದುಹೋಗುತ್ತದೆ. ಕತೆ ಹುಟ್ಟುವುದು ಅಲ್ಲಿಂದ ಎಂದು ನನಗನ್ನಿಸುತ್ತದೆ.

ಆ ಹೆಸರಿನ ಮೇಲೂ ನೀವು ಸ್ವಲ್ಪ ಹೊತ್ತು ನಿಲ್ಲಬೇಕಿತ್ತು. ಗ್ರೀಕ್ ಮೂಲದ 'ಫೈಲೋ' ಎಂದರೆ ಪ್ರೀತಿಸುವವನು. ಕನ್ನಡದಲ್ಲಿ 'ಸ್ವಾತಂತ್ರ್ಯಪ್ರಿಯ' ಎನ್ನಬಹುದು. ಅರ್ಧಕ್ಕರ್ಧ ಜನ ಕೈದಿಗಳೋ ಶಿಕ್ಷೆ ಮುಗಿಸಿದವರೋ ಆಗಿದ್ದ ಊರಿನಲ್ಲಿ, ಇಡೀ ಊರಿನ ಬರವಣಿಗೆಗೆ ಲಗಾಮು ಹಿಡಿದ ಅಧಿಕಾರಿ ತನಗೆ ತಾನೇ ಕೊಟ್ಟುಕೊಂಡ ಹೆಸರದು. ನಮ್ಮಲ್ಲಿ ಅಂಕಿತವೆಂಬುದಿದೆ, ಬಸವಣ್ಣನವರು ಕೂಡಲಸಂಗಮದೇವನ ಹೆಸರು ಹಾಕಿದಾಗ ಅದು ಬಸವಣ್ಣನವರದೆಂದು ಕೇಳುವವರಿಗೆಲ್ಲ ಗೊತ್ತಿತ್ತು, ಅಲ್ಲಿ ಹೆಸರು ತನ್ನನ್ನು ಒಪ್ಪಿಸಿಕೊಳ್ಳುವ ಬಗೆ. ಕಾವ್ಯನಾಮವೂ ಹೆಚ್ಚುಕಡಿಮೆ ಹಾಗೆಯೇ, ಮನೆಯ ಹೆಸರಿಗಿಂತ ಅದೇ ಹೆಚ್ಚು ಪರಿಚಿತವಾಗಿಬಿಡುತ್ತದೆ. ಗುಪ್ತನಾಮ ಇವೆರಡರ ಸಾಲಿನಲ್ಲಿ ಕೂರುವುದಿಲ್ಲ. ಬಡವನೊಬ್ಬ ಬಲಾಢ್ಯನ ಎದುರು ಬರೆಯುವಾಗ ಅದು ಅವನಿಗೆ ಕಂಬಳಿ. ಬಲಾಢ್ಯನೇ ಅದನ್ನು ಹೊದ್ದುಕೊಂಡರೆ ಅದರ ಅರ್ಥ ಬೇರೆಯಾಗುತ್ತದೆ. ನಿಮ್ಮ ಕತೆ ಈ ಎರಡನ್ನೂ ಒಂದೇ ಎಂದು ತಿಳಿದು ಹೊರಟಿದೆ.

ಅದೇ ಹೊತ್ತಿನಲ್ಲಿ ಅದೇ ಊರಿನಲ್ಲಿ ಮೊದಲ ಬಗೆಯ ಗುಪ್ತ ಬರಹವೂ ಓಡಾಡುತ್ತಿತ್ತು. 1816ರಲ್ಲಿ ಲೆಫ್ಟಿನೆಂಟ್ ಗವರ್ನರ್ ಮೋಲ್‌ನನ್ನು ಗೇಲಿ ಮಾಡಿ ಯಾರೋ ಪದ್ಯ ಬರೆದು ಬೀದಿಯಲ್ಲಿ ಎಸೆದಿದ್ದರು. ಬರೆದವನು ವಿಲಿಯಂ ಚಾರ್ಲ್ಸ್ ವೆಂಟ್‌ವರ್ತ್ ಎಂಬ ತರುಣ ಎಂಬುದು ಬಯಲಾಗುವ ವೇಳೆಗೆ ಅವನು ಹಡಗು ಹತ್ತಿ ಇಂಗ್ಲೆಂಡಿಗೆ ಹೊರಟುಹೋಗಿದ್ದ. ಅವನ ಪದ್ಯಕ್ಕೆ ಗೆಜೆಟ್‌ನಲ್ಲಿ ಜಾಗವಿರಲಿಲ್ಲ. ಕ್ಯಾಂಬೆಲ್‌ನ ಪತ್ರಕ್ಕಿತ್ತು.

ಪತ್ರದಲ್ಲಿ ಇದ್ದದ್ದೇನು? ಪಾದ್ರಿಯ ಹೆಸರನ್ನು ನೇರವಾಗಿ ಎತ್ತದಿದ್ದರೂ ಯಾರ ಕುರಿತೆಂದು ಮಕ್ಕಳಿಗೂ ತಿಳಿಯುವಂತೆ, ದಕ್ಷಿಣ ಸಮುದ್ರದ ದ್ವೀಪಗಳಲ್ಲಿ ಸುವಾರ್ತೆ ಸಾರುವ ನೆಪದಲ್ಲಿ ಹೆಂಡ ಮತ್ತು ಬಂದೂಕುಗಳ ವ್ಯಾಪಾರ ನಡೆದಿದೆ ಎಂಬ ಕುಟುಕು. ದ್ವೀಪವಾಸಿಗಳ ರಕ್ಷಣೆಗೆಂದು ಊರವರು ಕೊಟ್ಟ ಚಂದಾಹಣ ಎಲ್ಲಿ ಹೋಯಿತೆಂಬ ಪ್ರಶ್ನೆ. ಮಾರ್ಸ್‌ಡನ್ ಆ ಮಿಷನ್‌ಗಳ ಏಜೆಂಟ್ ಆಗಿದ್ದ. 1814ರಲ್ಲಿ 'ಆಕ್ಟಿವ್' ಎಂಬ ಹಡಗು ಕೊಂಡು, ಅದೇ ವರ್ಷದ ಕ್ರಿಸ್ಮಸ್ ದಿನ ನ್ಯೂಜಿಲೆಂಡಿನ ಬೇ ಆಫ್ ಐಲೆಂಡ್ಸ್‌ನಲ್ಲಿ ಮಾವೊರಿಗಳ ನಡುವೆ ಪ್ರಾರ್ಥನೆ ನಡೆಸಿ ಬಂದವನು. ಅಲ್ಲಿನ ಮಿಷನರಿಗಳಲ್ಲಿ ಕೆಲವರು, ಮುಖ್ಯವಾಗಿ ಥಾಮಸ್ ಕೆಂಡಲ್, ಬಂದೂಕು ಮಾರಿದ್ದು ಇತಿಹಾಸ. ಮಾರ್ಸ್‌ಡನ್ ಅದನ್ನು ನಿಷೇಧಿಸಿದ್ದು, ಮುಂದೆ ಕೆಂಡಲ್‌ನನ್ನು ಮಿಷನ್‌ನಿಂದ ಹೊರಗೆ ಹಾಕಿದ್ದು ಕೂಡ ಇತಿಹಾಸ. ಹಾಗಾಗಿ ಆರೋಪದ ಸುತ್ತ ಹೊಗೆ ಇತ್ತು, ಆದರೆ ಬೆಂಕಿ ಪತ್ರ ತೋರಿಸಿದ ಮನೆಯಲ್ಲಿಯೇ ಇತ್ತೆಂದು ಹೇಳಲಾಗದು.

ನನಗೆ ಹೆಚ್ಚು ಕುತೂಹಲ ಹುಟ್ಟಿಸುವುದು ಪತ್ರದಲ್ಲಿ ಇಲ್ಲದ ವಿಷಯ. ಮಾರ್ಸ್‌ಡನ್ ಪಾದ್ರಿಯಾಗಿದ್ದಂತೆ ಪ್ಯಾರಮಟ್ಟಾದ ಮ್ಯಾಜಿಸ್ಟ್ರೇಟನೂ ಆಗಿದ್ದ. 1800ರಲ್ಲಿ ಐರಿಷ್ ಕೈದಿಗಳು ದಂಗೆಗೆ ಭರ್ಜಿ ಬಚ್ಚಿಟ್ಟಿದ್ದಾರೆಂಬ ಅನುಮಾನದ ಮೇಲೆ ಪ್ಯಾಡಿ ಗ್ಯಾಲ್ವಿನ್ ಎಂಬ ಇಪ್ಪತ್ತರ ಹುಡುಗನಿಗೆ ಮುನ್ನೂರು ಚಾಟಿಯೇಟು ಬಿದ್ದದ್ದು ಅವನ ಮತ್ತು ಇನ್ನೊಬ್ಬ ಮ್ಯಾಜಿಸ್ಟ್ರೇಟನ ಅಪ್ಪಣೆಯಿಂದ. 'ಚಾಟಿಯ ಪಾದ್ರಿ' ಎಂಬ ಹೆಸರು ಅವನಿಗೆ ಅಂಟಿಕೊಂಡದ್ದು ಇಂಥವುಗಳಿಂದಲೇ. ಈ ಪ್ರಸಂಗವನ್ನು ನೀವು ಮೂರು ಪುಟ ಬರೆದಿದ್ದೀರಿ, ಓದುಗರ ಕೋಪವನ್ನು ಕ್ಯಾಂಬೆಲ್‌ನ ಪತ್ರದ ಖಾತೆಗೆ ಜಮಾ ಮಾಡಿದ್ದೀರಿ. ಆದರೆ ಫೈಲೋ ಫ್ರೀ ಕೈಯಿಟ್ಟದ್ದು ಚಾಟಿಯ ಮೇಲಲ್ಲ, ಚಂದಾಹಣದ ಮೇಲೆ. ಸಾಕ್ಷಿ ಸಹಿತ ಹೇಳಬಹುದಾಗಿದ್ದ ಮಾತನ್ನು ಬಿಟ್ಟು, ಸಾಬೀತು ಮಾಡಲಾಗದ ಮಾತನ್ನು ಅವನು ಏಕೆ ಹಿಡಿದುಕೊಂಡ? ನನ್ನ ಊಹೆ ಇಷ್ಟು: ಚಾಟಿ ಸರ್ಕಾರದ್ದು. ಅದರ ಮಾತೆತ್ತಿದ್ದರೆ ತನ್ನದೇ ಮೇಜಿನ ಮೇಲಿನ ಕಡತಗಳತ್ತ ಬೆರಳು ತಿರುಗುತ್ತಿತ್ತು. ಊಹೆಯನ್ನು ಕತೆಗಾರರಾದ ನಾವು ಮಾಡಬಹುದು, ಮಾಡಲೇಬೇಕು. ಅದನ್ನು ಪಾತ್ರದ ಬಾಯಲ್ಲಿ ಭಾಷಣ ಮಾಡಿಸಬಾರದು ಅಷ್ಟೆ.

ಕಡತ ಎಂದೆನಲ್ಲ, ಅದರ ಬಗ್ಗೆ ನನಗೆ ಹೇಳಲು ಹಕ್ಕಿದೆ. ಸರ್ಕಾರಿ ಕಚೇರಿಯಲ್ಲಿ ಮೂವತ್ತೊಂದು ವರ್ಷ ಕರಡು ಬರೆದವನು ನಾನು. ನಮ್ಮ ಆದೇಶಗಳ ಕೊನೆಯಲ್ಲಿ 'ಕರ್ನಾಟಕ ರಾಜ್ಯಪಾಲರ ಆದೇಶಾನುಸಾರ ಮತ್ತು ಅವರ ಹೆಸರಿನಲ್ಲಿ' ಎಂದು ಬರೆದು, ಅದರ ಕೆಳಗೆ ಅಧೀನ ಕಾರ್ಯದರ್ಶಿಯೊಬ್ಬರು ಸಹಿ ಮಾಡುತ್ತಾರೆ. ಆ ರಾಜ್ಯಪಾಲರು ಆ ಕಾಗದವನ್ನು ಕಂಡಿರುವುದಿಲ್ಲ; ಸಹಿ ಮಾಡಿದವರು ಅದರ ಒಂದು ಪದವನ್ನೂ ಬರೆದಿರುವುದಿಲ್ಲ; ಬರೆದವನು ಮೂರು ಮೇಜು ಆಚೆ ಕೂತ ಗುಮಾಸ್ತ, ಅವನ ಹೆಸರು ಎಲ್ಲಿಯೂ ಇರುವುದಿಲ್ಲ. ಹೀಗೆ ದಿನವೂ ಮತ್ತೊಬ್ಬರ ದನಿಯಲ್ಲಿ ಬರೆಯುವವನಿಗೆ ಕ್ರಮೇಣ ಒಂದು ವಿಚಿತ್ರ ಧೈರ್ಯ ಬರುತ್ತದೆ. ತನ್ನ ಬರಹಕ್ಕೆ ಒಡೆತನವೂ ಇಲ್ಲ, ಹೊಣೆಯೂ ಇಲ್ಲ ಎಂಬ ಧೈರ್ಯ. ಏಳು ವರ್ಷ ಗವರ್ನರ್‌ನ ದನಿಯಲ್ಲಿ ಬರೆದ ಕ್ಯಾಂಬೆಲ್, ಎಂಟನೆಯ ವರ್ಷದ ಆರಂಭದಲ್ಲಿ ಬೇರೊಂದು ಹೆಸರಿನಲ್ಲಿ ಬರೆಯಲು ಕೂತಾಗ ಅವನ ಕೈಗೆ ಅದು ಹೊಸ ಅಭ್ಯಾಸವೆನ್ನಿಸಿರಲಾರದು.

ಅವನು ಹೆಸರು ಹಾಕಿದ ಬರಹವನ್ನೂ ನೀವು ಓದಬೇಕು. ಪತ್ರಕ್ಕೆ ಎಂಟು ತಿಂಗಳ ಮೊದಲು, 1816ರ ಏಪ್ರಿಲ್ 17ರ ನಸುಕಿಗೆ ಮುಂಚೆ, ಮಕ್ವಾರಿ ಕಳಿಸಿದ ಸೈನಿಕರು ಆಪಿನ್ ಎಂಬಲ್ಲಿ ಮೂಲನಿವಾಸಿಗಳ ಬೀಡಿನ ಮೇಲೆ ಬಿದ್ದರು. ಹೆಂಗಸರು ಮಕ್ಕಳೂ ಸೇರಿ ಕನಿಷ್ಠ 14 ಜನ ಸತ್ತರು. ಮೇ 4ರಂದು ಹೊರಟ ಘೋಷಣೆಯಲ್ಲಿ ಯಾವ ಮೂಲನಿವಾಸಿಯೂ ಆಯುಧ ಹಿಡಿದು ಊರಿನ ಒಂದು ಮೈಲಿಯೊಳಗೆ ಬರಬಾರದು, ಆರು ಜನಕ್ಕಿಂತ ಹೆಚ್ಚು ಗುಂಪುಗೂಡಬಾರದು ಎಂಬ ಕಟ್ಟಳೆಗಳಿದ್ದವು. ಅದರ ಕೆಳಗೆ 'ಘನತೆವೆತ್ತವರ ಅಪ್ಪಣೆಯಂತೆ' ಎಂದು ಬರೆದು ತನ್ನ ನಿಜಹೆಸರನ್ನೂ ಹುದ್ದೆಯನ್ನೂ ನಮೂದಿಸಿದವನು ಇದೇ ಕ್ಯಾಂಬೆಲ್. ಒಂದು ಪಾದ್ರಿಯ ಮಾನ ಹೋದದ್ದಕ್ಕೆ ಎರಡು ನ್ಯಾಯಾಲಯಗಳು ಕೂತವು. ಇನ್ನೊಂದು ಬರಹಕ್ಕೆ ಯಾವ ನ್ಯಾಯಾಲಯವೂ ಕೂರಲಿಲ್ಲ. ನಿಮ್ಮ ನಲವತ್ತು ಚಿಲ್ಲರೆ ಪುಟಗಳಲ್ಲಿ ಆಪಿನ್ ಎಂಬ ಪದ ಒಮ್ಮೆಯೂ ಬಂದಿಲ್ಲ. ಅದನ್ನು ಕತೆಯೊಳಗೆ ತುರುಕಿ ಎಂದು ನಾನು ಹೇಳುತ್ತಿಲ್ಲ. ಆ ಘೋಷಣೆಯ ಮಸಿ ಆರಿದ ಮೇಜಿನ ಮೇಲೆಯೇ ಈ ಪತ್ರವೂ ಹುಟ್ಟಿತೆಂಬುದು ಬರೆಯುವಾಗ ನಿಮ್ಮ ತಲೆಯಲ್ಲಿದ್ದರೆ, ಕ್ಯಾಂಬೆಲ್‌ನ ಕುರಿತು ನಿಮ್ಮ ವಿಶೇಷಣಗಳು ತಾವಾಗಿಯೇ ಕಡಿಮೆಯಾಗುತ್ತವೆ.

ಇನ್ನು ಖಟ್ಲೆಗೆ ಬರುತ್ತೇನೆ. ಪತ್ರ ಪ್ರಕಟವಾದ ಕೆಲವೇ ದಿನಗಳಲ್ಲಿ ಅದೇ ಗೆಜೆಟ್‌ನಲ್ಲಿ, ಆ ಪತ್ರ ಅಚಾತುರ್ಯದಿಂದ ಸೇರಿಹೋಯಿತೆಂದು ವಿಷಾದಿಸುವ ಸರ್ಕಾರಿ ಪ್ರಕಟಣೆ ಬಂತು. ಸರ್ಕಾರಿ ಪ್ರಕಟಣೆಗಳು ಹೊರಡುತ್ತಿದ್ದುದು ಯಾವ ಕಚೇರಿಯಿಂದ ಎಂಬುದು ನಿಮಗೆ ಗೊತ್ತೇ ಇದೆ. ತಾನೇ ಬರೆದು, ತಾನೇ ಒಪ್ಪಿ, ಈಗ ತನ್ನ ಕಚೇರಿಯಿಂದಲೇ ವಿಷಾದವನ್ನೂ ಹೊರಡಿಸಬೇಕಾದ ಆ ಬೆಳಗು, ಕರಡಿನಲ್ಲಿ 'ಅಚಾತುರ್ಯ' ಎಂಬ ಪದದ ಬಳಿ ಲೇಖನಿ ನಿಂತ ಆ ಕ್ಷಣ, ಯಾವ ಕತೆಗಾರನಿಗೂ ಸಿಕ್ಕಿದರೆ ಬಿಡಬಾರದ ದೃಶ್ಯ. ನೀವು ಅದನ್ನು ಬಿಟ್ಟು ನೇರವಾಗಿ ಅಕ್ಟೋಬರ್‌ಗೆ, ನ್ಯಾಯಾಲಯಕ್ಕೆ ಜಿಗಿದಿದ್ದೀರಿ.

ನ್ಯಾಯಾಲಯದ ದೃಶ್ಯದಲ್ಲಿ ಕೆಲವು ತಪ್ಪುಗಳಿವೆ, ತಿದ್ದಿಕೊಳ್ಳಿ. ಅಲ್ಲಿ ಹನ್ನೆರಡು ಮಂದಿ ಜ್ಯೂರಿಗಳಿರಲಿಲ್ಲ. ಆ ವಸಾಹತಿನ ಕ್ರಿಮಿನಲ್ ನ್ಯಾಯಾಲಯವೆಂದರೆ ಜಡ್ಜ್ ಅಡ್ವೊಕೇಟ್ ಎಂಬ ಅಧಿಕಾರಿ ಮತ್ತು ಸಮವಸ್ತ್ರ ತೊಟ್ಟ ಆರು ಸೇನಾಧಿಕಾರಿಗಳು. ಆ ಜಡ್ಜ್ ಅಡ್ವೊಕೇಟ್, ಇಲ್ಲಿ ಜಾನ್ ವೈಲ್ಡ್, ಆರೋಪ ಪಟ್ಟಿ ಸಿದ್ಧಪಡಿಸುವವನೂ ಹೌದು, ಮೇಲೆ ಕೂತು ನಿರ್ಣಯ ಕೊಡುವವನೂ ಹೌದು. ಅವನಿಗೆ 'ಮೈ ಲಾರ್ಡ್' ಎನ್ನಿಸಿದ್ದೀರಿ. ಅದು ನಮ್ಮ ಸಿನಿಮಾ ನ್ಯಾಯಾಲಯದಿಂದ ಬಂದದ್ದು. ಕ್ಯಾಂಬೆಲ್ 'ನಾನು ಬರೆದದ್ದು ನಿಜ, ನಿಜ ಹೇಳುವುದು ಅಪರಾಧವೇ?' ಎಂದು ಕೂಗುವ ಮಾತೂ ಅಲ್ಲಿ ನಿಲ್ಲುವುದಿಲ್ಲ. ಆ ಕಾಲದ ಇಂಗ್ಲಿಷ್ ಕಾನೂನಿನಲ್ಲಿ ಮಾನನಷ್ಟವನ್ನು ಕ್ರಿಮಿನಲ್ ಅಪರಾಧವೆಂದು ವಿಚಾರಿಸುವಾಗ ಬರೆದದ್ದು ನಿಜವೆಂಬುದು ರಕ್ಷಣೆಯೇ ಆಗಿರಲಿಲ್ಲ. ಮಾತು ಎಷ್ಟು ನಿಜವೋ ಅಷ್ಟು ಹೆಚ್ಚು ಶಾಂತಿಭಂಗವಾಗುತ್ತದೆಂಬ ತರ್ಕ. ಅದು ಬದಲಾದದ್ದು 1843ರ ಕಾಯ್ದೆಯಿಂದ. ಆ ಕಾಯ್ದೆಗೆ ಕಾರಣನಾದ ಲಾರ್ಡ್‌ನ ಹೆಸರೂ ಕ್ಯಾಂಬೆಲ್, ಇವನಿಗೂ ಅವನಿಗೂ ಸಂಬಂಧವಿಲ್ಲ; ಗೊಂದಲ ಮಾಡಿಕೊಳ್ಳಬೇಡಿ.

ಆ ಏಳು ಜನರ ನಿರ್ಣಯವನ್ನು ನೀವು 'ಕ್ಯಾಂಬೆಲ್ ಅಪರಾಧಿ' ಎಂದು ಎರಡು ಪದಗಳಲ್ಲಿ ಮುಗಿಸಿದ್ದೀರಿ. ಮೂಲವನ್ನು ಮತ್ತೆ ನೋಡಿ. ದಕ್ಷಿಣ ಸಮುದ್ರದಲ್ಲಿ ಸುವಾರ್ತೆ ಸಾರುವ ಮಿಷನ್‌ಗಳ ಏಜೆಂಟನಾಗಿ ಮಾರ್ಸ್‌ಡನ್‌ನ ಸಾರ್ವಜನಿಕ ನಡತೆಯನ್ನು ಹೀಗಳೆಯುವಂಥ ಪತ್ರವು ಸಿಡ್ನಿ ಗೆಜೆಟ್‌ನಲ್ಲಿ ಅಚ್ಚಾಗಲು ಅನುಮತಿ ಕೊಟ್ಟದ್ದಕ್ಕಾಗಿ ಅವನು ತಪ್ಪಿತಸ್ಥ, ಎಂಬುದು ಅದರ ಒಕ್ಕಣೆ. ಬರೆದದ್ದಕ್ಕೆ ಎಂದಿಲ್ಲ, ಬಿಟ್ಟುಕೊಟ್ಟದ್ದಕ್ಕೆ. ಅದು ಗವರ್ನರ್‌ನ ಆಪ್ತನನ್ನು ಆದಷ್ಟು ಹಗುರವಾಗಿ ಹಿಡಿಯುವ ಉಪಾಯವಾಗಿತ್ತೆಂದು ಹೇಳುವವರು ಹೇಳಬಹುದು. ನನಗೂ ಹಾಗೆ ತೋರಿದ್ದುಂಟು. ಶಿಕ್ಷೆಯನ್ನೂ ವಿಧಿಸಲಿಲ್ಲ. ಆದರೆ ಆ ಏಳು ಮಂದಿ ತಿಳಿದೋ ತಿಳಿಯದೆಯೋ ಸರಿಯಾದ ಕ್ರಿಯಾಪದವನ್ನೇ ಆರಿಸಿದ್ದರು. ಊರಿನಲ್ಲಿ ಯಾರು ಬೇಕಾದರೂ ಮಾರ್ಸ್‌ಡನ್‌ನ ಮೇಲೆ ಪತ್ರ ಬರೆದು ಜೇಬಿನಲ್ಲಿಟ್ಟುಕೊಳ್ಳಬಹುದಿತ್ತು. ಅದನ್ನು ಅಚ್ಚಿಗೆ ಬಿಡುವ ಕೈ ಒಂದೇ ಇತ್ತು. ನಿಮ್ಮ ಕತೆಯ ಶೀರ್ಷಿಕೆಯನ್ನು ಬದಲಾಯಿಸುವುದಾದರೆ ಆ ಕ್ರಿಯಾಪದದಿಂದ ಶುರು ಮಾಡಿ.

ಇದನ್ನು ಇಷ್ಟು ಒತ್ತಿ ಹೇಳಲು ಸ್ವಂತ ಕಾರಣವೂ ಇದೆ. ನೌಕರಿ ಸಿಗುವ ಮೊದಲು ಎರಡು ವರ್ಷ ಜಿಲ್ಲಾ ಕೇಂದ್ರವೊಂದರ ವಾರಪತ್ರಿಕೆಯಲ್ಲಿ ನಾನು ಉಪಸಂಪಾದಕನಾಗಿದ್ದೆ. ಸಂಪಾದಕರು ವಾರದಲ್ಲಿ ನಾಲ್ಕು ದಿನ ಊರಲ್ಲಿರುತ್ತಿರಲಿಲ್ಲವಾದ್ದರಿಂದ ಓದುಗರ ಪತ್ರಗಳ ಪುಟ ಪೂರ್ತಿ ನನ್ನದು. ಊರಿನ ಒಂದು ಸಹಕಾರ ಸಂಘದ ಕಾರ್ಯದರ್ಶಿಯ ಮೇಲೆ ನನಗೆ ಸಿಟ್ಟಿತ್ತು, ನನ್ನ ಚಿಕ್ಕಪ್ಪನ ಸಾಲದ ಅರ್ಜಿಯನ್ನು ಅವರು ವರ್ಷವಿಡೀ ಎಳೆದಾಡಿಸಿದ್ದರು. ಒಂದು ರಾತ್ರಿ 'ನೊಂದ ಸದಸ್ಯ' ಎಂಬ ಹೆಸರಿನಲ್ಲಿ ಅವರ ಮೇಲೆ ಪತ್ರ ಬರೆದೆ. ಸಾಲದ ವಿಷಯ ಬರೆದರೆ ಗುರುತು ಸಿಗುತ್ತದೆಂದು ಗೋದಾಮಿನ ಗೊಬ್ಬರದ ಲೆಕ್ಕದ ಕುರಿತು ಸಂಶಯ ಎತ್ತಿದೆ, ಅದರ ಬಗ್ಗೆ ನನಗೆ ಏನೂ ಗೊತ್ತಿರಲಿಲ್ಲ. ಬೆಳಿಗ್ಗೆ ನಾನೇ ಅದಕ್ಕೆ ಶೀರ್ಷಿಕೆ ಕೊಟ್ಟು ಅಚ್ಚುಕೂಟಕ್ಕೆ ಕಳಿಸಿದೆ. ಮೊಳೆ ಜೋಡಿಸುತ್ತಿದ್ದ ಹಿರಿಯರು ಹಾಳೆಯನ್ನು ಬೆಳಕಿಗೆ ಹಿಡಿದು, ಕನ್ನಡಕದ ಮೇಲಿನಿಂದ ನನ್ನನ್ನು ನೋಡಿ, 'ಈ ನೊಂದ ಸದಸ್ಯರ ಳಕಾರ ನಿಮ್ಮದರ ಹಾಗೇ ಇದೆಯಲ್ಲ ಸ್ವಾಮಿ' ಎಂದರು. ನಾನು ನಕ್ಕೆ. ಅವರು ನಗಲಿಲ್ಲ, ಒಂದೊಂದೇ ಮೊಳೆ ತೆಗೆದು ಜೋಡಿಸತೊಡಗಿದರು.

ಮೂರನೆಯ ವಾರ ವಕೀಲರ ನೋಟಿಸು ರಿಜಿಸ್ಟರ್ ಅಂಚೆಯಲ್ಲಿ ಬಂತು, ಅದೂ ನನ್ನ ಹೆಸರಿಗಲ್ಲ, ಸಂಪಾದಕರು ಮತ್ತು ಮುದ್ರಕರ ಹೆಸರಿಗೆ. ಮೊಳೆ ಜೋಡಿಸಿದ ಹಿರಿಯರನ್ನು ಕರೆದು ಕೇಳಿದರು. ಕೈಬರಹದ ಪ್ರತಿ ಒಲೆಗೆ ಹೋಯಿತೆಂದು ಅವರು ಸುಳ್ಳು ಹೇಳಿದರು. ಆ ಸುಳ್ಳನ್ನು ನನಗಾಗಿ ಹೇಳಿದವರ ಮುಖ ನೋಡಲಾಗದೆ ನಾನೇ ಒಪ್ಪಿಕೊಂಡೆ. ರಾಜಿಯಾಯಿತು, ಕ್ಷಮಾಪಣೆ ಅಚ್ಚಾಯಿತು, ಅದರ ಕರಡನ್ನೂ ನಾನೇ ಬರೆದೆ. ಹಾಗಾಗಿ ಮಕ್ವಾರಿ ಕಾಲದ ಆ ವಿಷಾದದ ಪ್ರಕಟಣೆಯ ಮಾತು ಬಂದಾಗ ನನ್ನ ಲೇಖನಿ ಅಲ್ಲಿ ಯಾಕೆ ತಡೆದು ನಿಂತಿತೆಂದು ನಿಮಗೆ ಈಗ ಅರ್ಥವಾಗಬಹುದು.

ನಿಮ್ಮ ಕತೆಯಲ್ಲಿ ಜಾರ್ಜ್ ಹೋವ್ ಮೂರೇ ಸಲ ಬರುತ್ತಾನೆ, ಮೂರೂ ಸಲ 'ಮುದ್ರಕ ತಲೆಯಾಡಿಸಿದ' ಎಂದು. ಒಂದೇ ಅಚ್ಚುಕೂಟವಿರುವ ಊರಿನಲ್ಲಿ, ಸರ್ಕಾರದ ಕೃಪೆಯಿಂದ ಕೈದಿಯ ಪಟ್ಟ ಕಳಚಿಕೊಂಡ ಮನುಷ್ಯನ ಕೈಗೆ, ತನ್ನ ಮೇಲೆ ಅಧಿಕಾರವುಳ್ಳ ಕಾರ್ಯದರ್ಶಿಯಿಂದ ಇಂಥ ಹಾಳೆ ಬಂದರೆ ಅವನು ತಲೆಯಾಡಿಸದೆ ಇನ್ನೇನು ಮಾಡಬಲ್ಲ? ಆ ತಲೆಯಾಡಿಸುವಿಕೆಯೊಳಗೆ ಏನಿದೆ ಎಂದು ಬರೆಯಿರಿ. ನ್ಯಾಯಾಲಯದ ಐದು ಪುಟ ಕಡಿದು ಅವನಿಗೆ ಎರಡು ಪುಟ ಕೊಡಿ.

ಕಡಿಯಬೇಕಾದದ್ದು ಇನ್ನೊಂದಿದೆ, ಅದು ನಿಮಗೆ ನೋವಾಗುತ್ತದೆಂದು ನನಗೆ ಗೊತ್ತು. ಮಕ್ವಾರಿಗೆ ಶ್ರೀರಂಗಪಟ್ಟಣದ ಕನಸು ಬೀಳುವ ಆರು ಪುಟಗಳು. ಅವನು 77ನೆಯ ರೆಜಿಮೆಂಟಿನ ಜೊತೆ 1792ರ ಮತ್ತು 1799ರ ಎರಡೂ ಮುತ್ತಿಗೆಗಳಲ್ಲಿದ್ದದ್ದು ನಿಜ, ಕನ್ನಡ ಓದುಗರಿಗೆ ಅದು ರೋಮಾಂಚನ ಕೊಡುವುದೂ ನಿಜ. ಆದರೆ ಟಿಪ್ಪುವಿನ ಪತನ, ಕೋಟೆಯ ಬಿರುಕು, ಕಾವೇರಿಯ ಮೇಲಿನ ಹೊಗೆ, ಇವೆಲ್ಲ ನಾವು ಬಂದಿದ್ದೇವೆಂದು ಓದುಗರಿಗೆ ತಿಳಿಸಲು ಬಂದಿವೆಯೇ ಹೊರತು ಕ್ಯಾಂಬೆಲ್‌ನ ಪತ್ರಕ್ಕೆ ಅವುಗಳಿಂದ ಏನೂ ದಕ್ಕುವುದಿಲ್ಲ. ಮಕ್ವಾರಿಯ ಭಾರತದ ದಿನಗಳಿಂದ ನಿಮಗೆ ಬೇಕಾದದ್ದು ಬೇರೆ ಸಂಗತಿ: ಯುದ್ಧ ಮುಗಿದ ಮೇಲೆ ಅವನು ಬೊಂಬಾಯಿಯಲ್ಲಿ ಗವರ್ನರ್ ಜೊನಾಥನ್ ಡಂಕನ್‌ನ ಆಪ್ತ ಮಿಲಿಟರಿ ಕಾರ್ಯದರ್ಶಿಯಾಗಿದ್ದ. ಗವರ್ನರ್ ಒಬ್ಬನ ನೆರಳಿನಲ್ಲಿ ಕೂತು ಬರೆಯುವುದೆಂದರೇನೆಂದು ಗೊತ್ತಿದ್ದ ಗವರ್ನರ್ ಅವನು. ತನ್ನ ಕಾರ್ಯದರ್ಶಿ ತನ್ನ ವೈರಿಯ ಮೇಲೆ ಬರೆದ ಪತ್ರ ಓದಿದಾಗ ಅವನ ಮುಖದಲ್ಲಿ ಏನು ಹಾದುಹೋಗಿರಬಹುದು? ಅವನಿಗೆ ಮೊದಲೇ ತಿಳಿದಿತ್ತೋ ಇಲ್ಲವೋ ಎಂಬುದನ್ನು ನೀವು ತೀರ್ಮಾನಿಸಬೇಡಿ. ಓದುಗರೇ ಆ ಮುಖವನ್ನು ನೋಡಲಿ.

ವೈರಿ ಎಂದೆ, ಅದಕ್ಕೆ ಹಿನ್ನೆಲೆ ಹಳೆಯದು. ಶಿಕ್ಷೆ ಮುಗಿಸಿದವರನ್ನು ಮಕ್ವಾರಿ ತನ್ನ ಊಟದ ಮೇಜಿಗೆ ಕರೆಯುತ್ತಿದ್ದ, ಮ್ಯಾಜಿಸ್ಟ್ರೇಟರನ್ನಾಗಿ ಮಾಡಿದ. ಅಂಥ ಇಬ್ಬರ ಜೊತೆ ರಸ್ತೆ ಸುಂಕದ ಮಂಡಳಿಯಲ್ಲಿ ಕೂರಲು 1810ರಲ್ಲಿಯೇ ಮಾರ್ಸ್‌ಡನ್ ಒಪ್ಪಲಿಲ್ಲ. ಅಲ್ಲಿಂದ ಶುರುವಾದದ್ದು 1818ರಲ್ಲಿ ಮಕ್ವಾರಿ ಅವನನ್ನು ಕರೆಸಿ ಮುಖಕ್ಕೆ ಬಯ್ದು, ಮ್ಯಾಜಿಸ್ಟ್ರೇಟ್ ಹುದ್ದೆಯಿಂದ ತೆಗೆಯುವವರೆಗೆ ಹೋಯಿತು. ಇಷ್ಟರ ನಡುವೆಯೇ, ಅದೇ ವರ್ಷಗಳಲ್ಲಿ, ಗವರ್ನರ್‌ನ ಹೆಂಡತಿ ಎಲಿಜಬೆತ್‌ಳ ಆಸೆಯಂತೆ ಮಾರ್ಸ್‌ಡನ್‌ನ ಚರ್ಚಿಗೆ ಆ ಜೋಡಿ ಗೋಪುರಗಳು ಏಳುತ್ತಿದ್ದವು. ಸಣ್ಣ ಊರಿನ ಜಗಳಗಳು ಹೀಗೆಯೇ ಇರುತ್ತವೆ: ಮಧ್ಯಾಹ್ನ ಕೋರ್ಟಿನಲ್ಲಿ ಎದುರಾಳಿ, ಭಾನುವಾರ ಅದೇ ಬಾಯಿಂದ ಉಪದೇಶ.

ಕ್ಯಾಂಬೆಲ್‌ನ ಆ ವರ್ಷವನ್ನೂ ಗಮನಿಸಿ. ಐರಿಷ್ ಪಾದ್ರಿಯೊಬ್ಬನ ಮಗನಾಗಿ ಹುಟ್ಟಿ ಬ್ಯಾಂಕ್ ಆಫ್ ಐರ್ಲೆಂಡ್‌ನಲ್ಲಿ ಕೆಲಸ ಕಲಿತವನು. 1817ರ ಏಪ್ರಿಲ್ 8ರಂದು ಬ್ಯಾಂಕ್ ಆಫ್ ನ್ಯೂ ಸೌತ್ ವೇಲ್ಸ್ ಬಾಗಿಲು ತೆರೆದಾಗ ಅದರ ಮೊದಲ ಅಧ್ಯಕ್ಷ ಅವನೇ. ನೀವು ಈಗ ಸಂಬಳ ಪಡೆಯು‍ವ ವೆಸ್ಟ್‌ಪ್ಯಾಕ್ ಬ್ಯಾಂಕಿನ ಮೂಲ ಅದು. ಬಾಡಿಗೆಗೆ ಹಿಡಿದ ಮನೆ ಮೇರಿ ರೀಬಿಯದು, ಹದಿವಯಸ್ಸಿನಲ್ಲಿ ಕುದುರೆ ಕದ್ದ ಆರೋಪದ ಮೇಲೆ ಗಡೀಪಾರಾಗಿ ಬಂದು ದೊಡ್ಡ ವ್ಯಾಪಾರಸ್ಥೆಯಾದ ಹೆಂಗಸು. ನಿಮ್ಮ ಜೇಬಿನ ಇಪ್ಪತ್ತು ಡಾಲರ್ ನೋಟಿನ ಮೇಲೆ ಅವಳ ಮುಖವಿದೆ. ಜನವರಿಯಲ್ಲಿ ಫೈಲೋ ಫ್ರೀ, ಏಪ್ರಿಲ್‌ನಲ್ಲಿ ಬ್ಯಾಂಕಿನ ಅಧ್ಯಕ್ಷ, ಅಕ್ಟೋಬರ್‌ನಲ್ಲಿ ಆರೋಪಿ, ಡಿಸೆಂಬರ್‌ನಲ್ಲಿ ಸಿವಿಲ್ ದಾವೆಯಲ್ಲಿ ನ್ಯಾಯಾಧೀಶ ಬ್ಯಾರನ್ ಫೀಲ್ಡ್ ಎದುರು ಇನ್ನೂರು ಪೌಂಡು ತೆರಬೇಕಾದ ಪ್ರತಿವಾದಿ. ಎರಡು ವರ್ಷ ಕಳೆದ ಮೇಲೆ ಅವನು ಪ್ರೊವೋಸ್ಟ್ ಮಾರ್ಷಲ್, ಅಂದರೆ ನ್ಯಾಯಾಲಯದ ಆದೇಶಗಳನ್ನು ಜಾರಿ ಮಾಡುವ ಅಧಿಕಾರಿ. ನಿಮ್ಮ ಕತೆ ತೀರ್ಪಿನಲ್ಲಿ ಅವನನ್ನು ಹುತಾತ್ಮನನ್ನಾಗಿಸಿ ಮುಗಿಯುತ್ತದೆ. ಅವನ ಬದುಕು ಹಾಗೆ ಮುಗಿಯಲಿಲ್ಲ.

ಜೊತೆಗಿದ್ದ ಪತ್ರದಲ್ಲಿ ನೀವೊಂದು ಪ್ರಶ್ನೆ ಕೇಳಿದ್ದೀರಿ: ಬದುಕಿರುವವರ ಕುರಿತು ಬೇರೆ ಹೆಸರಿಟ್ಟು ಬರೆದರೆ ತೊಂದರೆಯೇ ಎಂದು. ಕಾನೂನಿನ ಮಾತು ಮೊದಲು. ನಮ್ಮಲ್ಲಿ 1860ರ ದಂಡ ಸಂಹಿತೆಯ 499ನೆಯ ಕಲಮಿನಲ್ಲಿದ್ದದ್ದು 2024ರ ಜುಲೈ 1ರಿಂದ ಭಾರತೀಯ ನ್ಯಾಯ ಸಂಹಿತೆಯ 356ನೆಯ ಕಲಮಾಗಿದೆ. ಹೇಳಿದ್ದು ನಿಜವಾಗಿದ್ದರಷ್ಟೇ ಸಾಲದು, ಸಾರ್ವಜನಿಕ ಹಿತಕ್ಕಾಗಿ ಹೇಳಿದ್ದೂ ಆಗಿರಬೇಕೆಂಬ ಷರತ್ತು ಹಾಗೆಯೇ ಉಳಿದಿದೆ. ಹೆಸರು ಬದಲಾಯಿಸಿದರೂ ಓದಿದವರು ಇಂಥವರೇ ಎಂದು ಗುರುತಿಸುವಂತಿದ್ದರೆ ಆ ಹೆಸರು ನಿಮ್ಮನ್ನು ಕಾಯುವುದಿಲ್ಲ; ಮಾರ್ಸ್‌ಡನ್‌ನ ಹೆಸರು ಆ ಪತ್ರದಲ್ಲಿ ಇರಲಿಲ್ಲವೆಂಬುದನ್ನು ನೆನೆಯಿರಿ. ನೀವಿರುವ ದೇಶದ ಕಾನೂನನ್ನು ಅಲ್ಲಿನ ವಕೀಲರಲ್ಲಿಯೇ ಕೇಳಬೇಕು. ನನ್ನ ಮಟ್ಟಿಗೆ ಹೇಳುವುದಾದರೆ, ಬರೆಯಲು ಕೂತಾಗ ನಾನು ಕೇಳಿಕೊಳ್ಳುವುದು ಇದನ್ನು: ಈ ಮನುಷ್ಯನಿಗೆ ಉತ್ತರ ಬರೆಯಲು ನನ್ನಷ್ಟೇ ಜಾಗವಿದೆಯೇ? ಗೆಜೆಟ್‌ನಲ್ಲಿ ಮಾರ್ಸ್‌ಡನ್ ಉತ್ತರ ಬರೆದಿದ್ದರೂ ಅದು ಮೊದಲು ಹೋಗಬೇಕಾಗಿದ್ದದ್ದು ಕ್ಯಾಂಬೆಲ್‌ನ ಮೇಜಿಗೆ.

ಎರಡನೆಯ ಕರಡಿಗೆ ಕೂರುವ ಮೊದಲು ಒಂದು ಕೆಲಸ ಮಾಡಿ. ಆಸ್ಟ್ರೇಲಿಯಾದ ರಾಷ್ಟ್ರೀಯ ಗ್ರಂಥಾಲಯ ಹಳೆಯ ಪತ್ರಿಕೆಗಳನ್ನು ಟ್ರೋವ್ ಎಂಬ ತನ್ನ ಜಾಲತಾಣದಲ್ಲಿ ಹಾಕಿದೆ, ನಿಮಗೆ ಗೊತ್ತಿರುತ್ತದೆ. 1817ರ ಜನವರಿ 4ರ ಸಂಚಿಕೆಯಲ್ಲಿ ಆ ಪತ್ರವನ್ನಷ್ಟೇ ಕತ್ತರಿಸಿ ಓದಬೇಡಿ. ನಾಲ್ಕೂ ಪುಟ, ಹಡಗುಗಳ ಸುದ್ದಿ, ಜಾಹೀರಾತು, ಸರ್ಕಾರಿ ಆದೇಶ, ಎಲ್ಲವನ್ನೂ ಮೊದಲಿನಿಂದ ಕೊನೆಯವರೆಗೆ ಓದಿ, ಆ ಶನಿವಾರ ಬೆಳಿಗ್ಗೆ ಊರವನೊಬ್ಬ ಓದಿದ ಹಾಗೆ. ಕ್ಯಾಂಬೆಲ್‌ನ ನಿಜಹೆಸರಿನ ಸಹಿ ಆ ಹಾಳೆಗಳಲ್ಲಿ ಎಲ್ಲೆಲ್ಲಿ ಇದೆ ಎಂದು ಗುರುತು ಹಾಕಿಕೊಳ್ಳಿ. ಆಮೇಲೆ ಫೈಲೋ ಫ್ರೀಯ ಪತ್ರಕ್ಕೆ ಬನ್ನಿ.

ಹೊಸ ಕರಡು ಸಿದ್ಧವಾದಾಗ ಕಳಿಸಿ. ಕೈಬರಹದಲ್ಲಿದ್ದರೂ ಅಡ್ಡಿಯಿಲ್ಲ, ನನ್ನ ಕಣ್ಣು ಇನ್ನೂ ಚೆನ್ನಾಗಿದೆ.

ಇತಿ ನಿಮ್ಮ ಹಿತೈಷಿ